ನಿಂತಲ್ಲೇ ನಿಂತವರ ಒಲವು

ಏಪ್ರಿಲ್ ಮೊದಲ ವಾರ ತಿರುವನಂತಪುರಕ್ಕೆ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ. ಬಿಸಿಲು ಸುಡುತ್ತದೆ, ಬೆವರು ಆರುವ ಮಾತೇ ಇಲ್ಲ. ಆದರೆ ಆ ಬಿಸಿಲಿಗೇ ಕಾದಿದ್ದಂತೆ ಕಕ್ಕೆ ಮರಗಳು ಎಲೆಯನ್ನೆಲ್ಲ ಉದುರಿಸಿ, ಮೈತುಂಬ ಹೊಂಬಣ್ಣದ ಗೊಂಚಲು ಇಳಿಬಿಟ್ಟುಕೊಂಡು ನಿಂತಿರುತ್ತವೆ. ಮಲಯಾಳಿಗಳಿಗೆ ಇದು ಕಣಿಕೊನ್ನ. ವಿಷುವಿನ ದಿನ ಬೆಳಗ್ಗೆ ಕಣ್ಣು ಬಿಟ್ಟೊಡನೆ ನೋಡಬೇಕಾದ ಕಣಿಯಲ್ಲಿ ಅಕ್ಕಿ, ಕನ್ನಡಿ, ಹೊನ್ನು, ಹಳದಿ ಸೌತೆಕಾಯಿಗಳ ಜೊತೆ ಈ ಹೂವು ಇರಲೇಬೇಕು. ಕೇರಳದ ರಾಜ್ಯಪುಷ್ಪವೂ ಇದೇ. ಊರಿಗೆ ಊರೇ ಈ ಹಳದಿಯನ್ನು ಕಣ್ತುಂಬಿಕೊಳ್ಳುತ್ತದೆ. ನಾನೂ ತುಂಬಿಕೊಳ್ಳುತ್ತೇನೆ. ಆಮೇಲೆ ಒಂದು ಹೂವನ್ನು ಮಾತ್ರ ಗೊಂಚಲಿನಿಂದ ಬಿಡಿಸಿ ಅಂಗೈಯಲ್ಲಿ ಇಟ್ಟುಕೊಳ್ಳುತ್ತೇನೆ. ನನ್ನ ನಿಜವಾದ ಸುಖ ಶುರುವಾಗುವುದು ಅಲ್ಲಿಂದ.

ಐದು ದಳಗಳು, ಬೆಳಕಿಗೆ ಹಿಡಿದರೆ ನರಗಳೆಲ್ಲ ಕಾಣುವಷ್ಟು ತೆಳು. ನಡುವೆ ಹತ್ತು ಕೇಸರಗಳು. ಹತ್ತೂ ಒಂದೇ ತರಹ ಇಲ್ಲ ಎಂಬುದೇ ಇಲ್ಲಿನ ಸೊಗಸು. ಮೂರು ಕೇಸರಗಳು ಉದ್ದ; ಕೆಳಗೆ ಬಾಗಿ, ಮತ್ತೆ ನಯವಾಗಿ ಮೇಲಕ್ಕೆದ್ದು, ತುದಿಯಲ್ಲಿ ದಪ್ಪನೆಯ ಪರಾಗಕೋಶ ಹೊತ್ತು ನಿಂತಿವೆ. ನಾಲ್ಕು ಗಿಡ್ಡ, ನೆಟ್ಟಗೆ, ಹೂವಿನ ನಡುಮಧ್ಯದಲ್ಲಿ. ಉಳಿದ ಮೂರು ಇನ್ನೂ ಸಣ್ಣವು, ಹೆಸರಿಗಷ್ಟೇ ಕೇಸರಗಳು. ಇವೆಲ್ಲದರ ಜೊತೆಗೆ, ಉದ್ದ ಕೇಸರಗಳ ಹಾಗೆಯೇ ಬಾಗಿದ ಹಸಿರು ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗ. ಗೊಂಚಲನ್ನು ದೂರದಿಂದ ನೋಡಿದವರಿಗೆ ಇದೆಲ್ಲ ಒಂದು ಹಳದಿ ಮುದ್ದೆ. ಕಣ್ಣಿಗೆ ಹತ್ತಿರ ತಂದವರಿಗೆ ಇದು ಅಳೆದು ತೂಗಿ ಜೋಡಿಸಿದ ಕುಸುರಿ.

ಈ ಹೂವಿನಲ್ಲಿ ಮಕರಂದವಿಲ್ಲ. ಬಂದ ಅತಿಥಿಗೆ ಉಣಬಡಿಸುವುದಕ್ಕೆ ಇರುವುದು ಪರಾಗ ಒಂದೇ. ಮರ ಕೊರೆದು ಗೂಡು ಮಾಡುವ ದಪ್ಪ ಕಪ್ಪು ದುಂಬಿ ಬರುತ್ತದಲ್ಲ, ಅದು ನೇರವಾಗಿ ನಡುವಿನ ಗಿಡ್ಡ ಕೇಸರಗಳನ್ನು ಅಪ್ಪಿಕೊಳ್ಳುತ್ತದೆ. ಈಗ ಕಿವಿಗೊಡಿ. ದುಂಬಿ ರೆಕ್ಕೆ ಬಡಿಯುವುದಿಲ್ಲ, ಹಾರುವ ಸ್ನಾಯುಗಳನ್ನಷ್ಟೇ ಅದುರಿಸುತ್ತದೆ. ಹಾರುವಾಗಿನ ಗುಂಯ್‌ಗುಡುವಿಕೆಗಿಂತ ಎತ್ತರದ ಶ್ರುತಿಯ, ಮೊನಚಾದ ಒಂದು ಝೇಂಕಾರ ಏಳುತ್ತದೆ. ಆ ಅದುರಿಗೆ ಗಿಡ್ಡ ಕೇಸರಗಳ ಕಿರಿದಾದ ರಂಧ್ರಗಳಿಂದ ಪರಾಗ ಹುಡಿಹುಡಿಯಾಗಿ ಉದುರುತ್ತದೆ. ಇದು ದುಂಬಿಯ ಪಾಲು, ಅದರ ಬುತ್ತಿ. ಅದೇ ಹೊತ್ತಿಗೆ ಹೊರಗೆ ಬಾಗಿ ನಿಂತ ಉದ್ದ ಕೇಸರಗಳು, ದುಂಬಿಯ ಕಾಲಿಗೆ ಸುಲಭವಾಗಿ ಎಟುಕದ ಕಡೆ, ಅದರ ಮೈಗೆ ಇನ್ನಷ್ಟು ಪರಾಗ ಬಳಿದುಬಿಡುತ್ತವೆ. ಇದು ಹೂವಿನ ಪಾಲು. ಮುಂದಿನ ಮರದ ಹೂವಿನಲ್ಲಿ ಬಾಗಿದ ಶಲಾಕೆ ತಾಗುವುದು ದುಂಬಿಯ ಮೈಯ ಅದೇ ಜಾಗಕ್ಕೆ. ಊಟಕ್ಕೊಂದು ಪರಾಗ, ಸಂತಾನಕ್ಕೊಂದು ಪರಾಗ ಎಂದು ಇಷ್ಟು ನಾಜೂಕಾಗಿ ಪಾಲು ಮಾಡಿದ ಹೂವನ್ನು ಕಂಡಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಮರ ನಿಂತಲ್ಲಿಂದ ಕದಲುವಂತಿಲ್ಲ. ಕೂಡಬೇಕಾದ ಇನ್ನೊಂದು ಮರ ಎಲ್ಲೋ ರಸ್ತೆಯಾಚೆ. ನಡುವೆ ಇರುವ ದೂರವನ್ನು ದಾಟಿಸಲು ಹೂವು ಪರರನ್ನು ನಂಬಬೇಕು. ನಂಬಿದವರು ಕೈಬಿಡದ ಹಾಗೆ ತನ್ನ ಮೈಯನ್ನೇ ತಿದ್ದಿಕೊಳ್ಳಬೇಕು. ಹೂಬಿಡುವ ಸಸ್ಯಗಳ ಒಟ್ಟು ಕುಶಲತೆಯೆಲ್ಲ ಈ ನಂಬಿಕೆಯಲ್ಲಿದೆ ಎಂದು ನನಗನಿಸುತ್ತದೆ.

ಶಲಾಕೆಯ ತುದಿಗೆ ಪರಾಗ ತಾಗಿದ ಮೇಲಿನ ಕಥೆ ಕಣ್ಣಿಗೆ ಕಾಣದು, ಆದರೆ ನೆನೆದರೇ ರೋಮಾಂಚನ. ಪರಾಗದ ಕಣ ಅಲ್ಲಿನ ತೇವವನ್ನು ಹೀರಿ ಉಬ್ಬುತ್ತದೆ. ಅದರಿಂದ ಕೂದಲೆಳೆಗಿಂತ ತೆಳುವಾದ ಒಂದು ನಳಿಕೆ ಹೊರಟು, ಶಲಾಕೆಯ ಒಡಲನ್ನು ಸೀಳಿಕೊಂಡು ಅಂಡಾಶಯದತ್ತ ಬೆಳೆಯುತ್ತದೆ. ಒಳಗೆ ಸಾಲಾಗಿ ಕೂತ ಅಂಡಕಗಳಲ್ಲಿ ಒಂದರ ಸೂಕ್ಷ್ಮ ಬಾಗಿಲನ್ನು ಹುಡುಕಿ ಒಳಹೊಕ್ಕು, ತಾನು ಹೊತ್ತು ತಂದ ಎರಡು ಗಂಡು ಕೋಶಗಳನ್ನು ಅಲ್ಲಿ ಇಳಿಸುತ್ತದೆ. ದಳಗಳು ಉದುರುತ್ತವೆ. ಹಸಿರು ಶಲಾಕೆ ತಿಂಗಳುಗಟ್ಟಲೆ ಬೆಳೆದು ಒಂದು ಎರಡಡಿ ಉದ್ದದ ದುಂಡನೆಯ ಕಪ್ಪು ಕಾಯಿಯಾಗುತ್ತದೆ. ಒಡೆದರೆ ಅಡ್ಡಡ್ಡ ಪರದೆಗಳ ಪುಟ್ಟ ಪುಟ್ಟ ಕೋಣೆಗಳು, ಅಂಟಂಟಾದ ಕಪ್ಪು ತಿರುಳು, ಕೋಣೆಗೊಂದು ನುಣುಪಾದ ಬೀಜ.

ಈ ಕಾಯಿಯ ಮಾತು ಬಂದಾಗ ಬಿ.ಜಿ.ಎಲ್. ಸ್ವಾಮಿಯವರನ್ನು ನೆನೆಯದಿರಲು ನನಗೆ ಆಗುವುದಿಲ್ಲ. ನಮಗೆ ಅವರು 'ಹಸುರು ಹೊನ್ನು' ಕೊಟ್ಟವರು, ಡಿವಿಜಿಯವರ ಮಗ. ಆ ಪುಸ್ತಕಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯವಿಜ್ಞಾನದ ಲೋಕಕ್ಕೆ ಅವರು, ಹಾರ್ವರ್ಡ್‌ನ ಇರ್ವಿಂಗ್ ಬೈಲಿಯವರ ಜೊತೆಗೂಡಿ 1951ರಲ್ಲಿ ಹೂವಿನ ಹೆಣ್ಣು ಭಾಗದ ಹುಟ್ಟನ್ನು ಬಿಡಿಸಿ ಹೇಳಿದವರು. ಫಿಜಿ ದ್ವೀಪದ ಡಿಜನೇರಿಯದಂಥ, ಬಹಳ ಹಳೆಯ ಲಕ್ಷಣಗಳನ್ನು ಉಳಿಸಿಕೊಂಡ ಹೂವುಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿ, ಅಂಡಾಶಯವೆಂಬುದು ಮೂಲದಲ್ಲಿ ನಡುನರದ ಗುಂಟ ಮಡಿಚಿಕೊಂಡ ಎಲೆಯಂಥ ಒಂದು ಅಂಗ ಎಂದು ಅವರು ತೋರಿಸಿಕೊಟ್ಟರು. ಇದನ್ನು ಪರೀಕ್ಷಿಸಲು ಫಿಜಿಗೆ ಹೋಗಬೇಕಾಗಿಲ್ಲ. ಸೊಗಡಿನ ಅವರೆಕಾಯಿಯನ್ನು ಅಂಚಿನ ಗುಂಟ ಬಿಡಿಸಿ, ಸಿಪ್ಪೆಯನ್ನು ಪೂರ್ತಿ ಅಗಲಿಸಿ ನೋಡಿ. ಮಡಿಕೆ ಬಿಚ್ಚಿದ ಎಲೆಯೊಂದು ಕೈಯಲ್ಲಿರುತ್ತದೆ. ನಡುವೆ ನರ, ಎರಡೂ ಅಂಚಿನಲ್ಲಿ ಕಾಳುಗಳು. ಅವರೆ ಬಿಡಿಸುವ ನಮ್ಮ ಮನೆಗಳ ಹೆಂಗಸರು ಹೂವಿನ ಕೋಟ್ಯಂತರ ವರ್ಷದ ಚರಿತ್ರೆಯನ್ನು ಪ್ರತಿ ಚಳಿಗಾಲ ಬೆರಳ ತುದಿಯಲ್ಲಿ ಬಿಚ್ಚುತ್ತಾರೆ.

ತಿರುವನಂತಪುರದಿಂದ ರೈಲು ಹಿಡಿದು ಉತ್ತರಕ್ಕೆ ಕೊಚ್ಚಿಗೆ ಬಂದರೆ, ಗಿಡಮರಗಳನ್ನು ನೋಡುವ ಕಣ್ಣಿಗೆ ಅದೊಂದು ತೀರ್ಥಕ್ಷೇತ್ರ. ಮೂರೂವರೆ ಶತಮಾನದ ಹಿಂದೆ ಡಚ್ಚರ ಮಲಬಾರಿಗೆ ಮುಖ್ಯಸ್ಥನಾಗಿದ್ದ ಹೆಂಡ್ರಿಕ್ ವಾನ್ ರೀಡ್, 'ಹೋರ್ಟಸ್ ಮಲಬಾರಿಕಸ್' ಎಂಬ ಮಹಾಗ್ರಂಥವನ್ನು ಕಟ್ಟಿಸಿದ್ದು ಇಲ್ಲಿಂದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಅದು ಅಚ್ಚಾಯಿತು. ಏಳುನೂರಕ್ಕೂ ಹೆಚ್ಚು ಸಸ್ಯಗಳು. ತಾಮ್ರದ ತಗಡಿನಲ್ಲಿ ಕೊರೆದ ದೊಡ್ಡ ದೊಡ್ಡ ಚಿತ್ರಗಳು. ಸಸ್ಯಗಳ ಗುಣ ಹೇಳಿದವರು ಚೇರ್ತಲ ಕಡೆಯ ಈಳವ ವೈದ್ಯ ಇಟ್ಟಿ ಅಚ್ಯುತನ್, ಮತ್ತು ಕೊಚ್ಚಿಯಲ್ಲಿ ನೆಲೆಸಿದ್ದ ಮೂವರು ಕೊಂಕಣಿ ಬ್ರಾಹ್ಮಣರು: ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಚಿತ್ರಗಳ ಮೇಲೆ ಹೆಸರುಗಳನ್ನು ಮಲಯಾಳಂ, ಅರಬಿ, ನಾಗರಿ ಲಿಪಿಗಳಲ್ಲೂ ಕೊರೆದಿದ್ದಾರೆ. ನಮ್ಮ ಮಂಗಳೂರು, ಉಡುಪಿ ಕಡೆಯ ಕೊಂಕಣಿ ಮಾತಿನ ಬಂಧುಗಳು ಈ ಪುಟಗಳ ನಾಗರಿ ಹೆಸರುಗಳಲ್ಲಿ ತಮ್ಮ ಮನೆಮಾತನ್ನೇ ಕಂಡು ಹಿಗ್ಗಬಹುದು.

ಆ ಚಿತ್ರಗಳನ್ನು ನಾನು ಹೇಗೆ ಹೊಗಳಲಿ! ಒಂದೊಂದು ಕೊಂಬೆಯೂ ಆಗಷ್ಟೇ ಕೊಯ್ದು ತಂದು ಹಾಳೆಯ ಮೇಲೆ ಹರವಿದ ಹಾಗೆ. ಎಲೆಯ ಮೇಲ್ಮೈ, ಅಡಿಮೈ, ಮೊಗ್ಗು, ಅರಳಿದ ಹೂವು, ಕಾಯಿ, ಕತ್ತರಿಸಿದ ಕಾಯಿ, ಬೀಜ, ಎಲ್ಲಕ್ಕೂ ಜಾಗವಿದೆ. ನಮ್ಮ ಕಕ್ಕೆ 'ಕೊನ್ನ' ಎಂಬ ಹೆಸರಿನಲ್ಲಿ, ಸಂಪಿಗೆ 'ಚಂಪಕಂ' ಎಂಬ ಹೆಸರಿನಲ್ಲಿ ಮೊದಲ ಸಂಪುಟದಲ್ಲೇ ಬರುತ್ತವೆ. ಆದರೆ ನಾನು ಮತ್ತೆ ಮತ್ತೆ ತಿರುವಿ ನಿಲ್ಲುವುದು ತಾಳೆಮರದ ಪುಟಗಳಲ್ಲಿ. ತಾಳೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಈ ಗ್ರಂಥದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಫಲಕ: ಕರಿಂಪನ ಎಂಬ ಹೆಣ್ಣು, ಆಂಪನ ಎಂಬ ಗಂಡು. ಸಸ್ಯಗಳಲ್ಲಿ ಗಂಡುಹೆಣ್ಣುಂಟು, ಪರಾಗವಿಲ್ಲದೆ ಬೀಜ ಕಟ್ಟದು ಎಂಬುದನ್ನು ಯುರೋಪಿನಲ್ಲಿ ಪ್ರಯೋಗ ಮಾಡಿ ಸಾರಿದ್ದು ಟ್ಯೂಬಿಂಗನ್ನಿನ ಕ್ಯಾಮರೇರಿಯಸ್, 1694ರಲ್ಲಿ. ಹರಳು ಗಿಡದ ಗಂಡು ಹೂಗಳನ್ನು ಅರಳುವ ಮೊದಲೇ ಕಿತ್ತು, ಬೀಜ ಕಟ್ಟದ್ದನ್ನು ತೋರಿಸಿ. ಮಲಬಾರಿನ ತಾಳೆಯ ಗಂಡುಹೆಣ್ಣುಗಳು ಅದಕ್ಕೆ 16 ವರ್ಷ ಮೊದಲೇ ಅಚ್ಚಾಗಿದ್ದವು. ಮರ ಹತ್ತಿ ಕಳ್ಳಿಳಿಸುವವರಿಗೆ, ನುಂಗು ಮಾರುವವರಿಗೆ ಅದು ಅದಕ್ಕಿಂತ ಎಷ್ಟೋ ತಲೆಮಾರಿನ ಹಿಂದಿನ ತಿಳಿವು. ಮುಂದೆ ಕೇಸರ, ಶಲಾಕೆಗಳನ್ನು ಎಣಿಸಿಯೇ ಸಸ್ಯಲೋಕವನ್ನು ವಿಂಗಡಿಸಿದ ಲಿನೇಯಸ್, 1753ರ ತನ್ನ ಗ್ರಂಥದಲ್ಲಿ ಮಲಬಾರಿನ ಸಸ್ಯಗಳಿಗೆ ಈ ಕೊಚ್ಚಿಯ ಚಿತ್ರಗಳನ್ನೇ ನೆಚ್ಚಿಕೊಂಡ. ಲ್ಯಾಟಿನ್ನಿನಲ್ಲಿ ಹುದುಗಿದ್ದ ಈ ಹನ್ನೆರಡೂ ಸಂಪುಟಗಳನ್ನು ದಶಕಗಳ ಕಾಲ ಕೂತು ಇಂಗ್ಲಿಷಿಗೆ ತಂದವರು ಪ್ರೊ. ಕೆ.ಎಸ್. ಮಣಿಲಾಲ್, ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ ಅದನ್ನು 2003ರಲ್ಲಿ ಪ್ರಕಟಿಸಿತು. ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಇಂಥ ತಪಸ್ಸಿಗೆ ಕೈಮುಗಿಯದೆ ಇರಲಾಗದು.

ಹೋರ್ಟಸ್‌ನ ಮೊಟ್ಟಮೊದಲ ಸಸ್ಯ ತೆಂಗು. ಅದಕ್ಕಿಂತ ಯೋಗ್ಯವಾದ ಆರಂಭ ಇನ್ಯಾವುದಿದ್ದೀತು? ಹೊಂಬಾಳೆ ಒಡೆಯುವುದನ್ನು ಹತ್ತಿರದಿಂದ ಕಂಡಿದ್ದೀರಾ? ಗಟ್ಟಿ ಹಸಿರು ಪಾಳೆ ಉದ್ದಕ್ಕೂ ಸೀಳಿ, ಒಳಗಿಂದ ದಂತದ ಬಣ್ಣದ ಎಳೆ ಎಳೆ ಕವಲುಗಳು ಮೆಲ್ಲಗೆ ಹರಡಿಕೊಳ್ಳುತ್ತವೆ. ಆ ಹೊಳಪು, ಆ ತಂಪು, ಮೂಗಿಗೆ ಹತ್ತಿರ ಹಿಡಿದರೆ ಬರುವ ಹಸಿ ಸಿಹಿಯ ಕಂಪು. ಒಂದೊಂದು ಕವಲಿನ ತುಂಬ ಅಕ್ಕಿಕಾಳಿಗಿಂತ ಒಂದಿಷ್ಟೇ ದೊಡ್ಡದಾದ ಗಂಡು ಹೂಗಳು, ಒಟ್ಟು ಸಾವಿರಗಟ್ಟಲೆ. ಬುಡದಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು, ಗುಂಡುಗುಂಡಾದ ಹೆಣ್ಣು ಹೂಗಳು. ಚೆನ್ನಾಗಿ ಫಲ ಕೊಡುವ ಮರ ತಿಂಗಳಿಗೊಂದರಂತೆ, ವರ್ಷಕ್ಕೆ ಹನ್ನೆರಡು ಹೊಂಬಾಳೆ ಬಿಡುತ್ತದೆ.

ಈಗ ಇದರ ಲೆಕ್ಕಾಚಾರ ನೋಡಿ. ಎತ್ತರದ ತಳಿಯ ತೆಂಗಿನಲ್ಲಿ ಗಂಡು ಹೂಗಳು ಕವಲಿನ ತುದಿಯಿಂದ ಅರಳುತ್ತ ಬುಡದ ಕಡೆ ಇಳಿದು ಬರುತ್ತವೆ. ಅರಳಿದ್ದು ಪರಾಗ ಚೆಲ್ಲಿ ಉದುರುತ್ತದೆ; ಮರದಡಿ ಬೆಳಗ್ಗೆ ತಿಳಿಹಳದಿ ಹಾಸಿರುತ್ತದೆ. ಸುಮಾರು ಮೂರು ವಾರದಲ್ಲಿ ಗಂಡು ಹೂಗಳ ಸರದಿ ಮುಗಿಯುತ್ತದೆ. ಅವೆಲ್ಲ ಉದುರಿದ ಮೇಲೆಯೇ ಹೆಣ್ಣು ಹೂಗಳು ತುದಿಯನ್ನು ಮೂರು ಪಾಲಾಗಿ ಬಿರಿದು, ಅಲ್ಲೊಂದು ಹನಿ ಮಕರಂದ ಒಸರಿಸಿಕೊಂಡು ಕಾಯುತ್ತವೆ. ತನ್ನದೇ ಹೊಂಬಾಳೆಯ ಪರಾಗ ಆಗಲೇ ಮುಗಿದುಹೋಗಿದೆ. ಹೀಗಾಗಿ ಪರಾಗ ಸಾಮಾನ್ಯವಾಗಿ ನೆರೆಯ ಮರದಿಂದಲೇ ಬರಬೇಕು, ಗಾಳಿಯ ಮೇಲೋ ಜೇನಿನ ಮೈಮೇಲೋ. ಗಿಡ್ಡ ತಳಿಯಲ್ಲಿ ಎರಡೂ ಸರದಿ ಒಂದರ ಮೇಲೊಂದು ಬರುವುದರಿಂದ ಅಲ್ಲಿ ಸ್ವಕೀಯ ಪರಾಗಸ್ಪರ್ಶವೇ ಹೆಚ್ಚು. ಕಕ್ಕೆ ನಂಬಿದ್ದು ದುಂಬಿಯನ್ನು. ತೆಂಗು ಗಾಳಿ, ಜೇನುಗಳ ಜೊತೆಗೆ ಕಾಲವನ್ನೂ ನಂಬಿತು.

ಈ ಸರದಿಯನ್ನು ಅರಿತ ಮನುಷ್ಯನ ಕೈ ಎಂಥ ನಯದ ಕೆಲಸ ಮಾಡಿತು ಎಂಬುದಕ್ಕೆ ಕೇರಳದ ಉತ್ತರ ತುದಿಯ, ನಮ್ಮವರೂ ಬಾಳುವ ಕಾಸರಗೋಡು ಸೀಮೆಯೇ ಸಾಕ್ಷಿ. ಅಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರುವಾದದ್ದು 1916ರಲ್ಲಿ. ಪಕ್ಕದ ನೀಲೇಶ್ವರದಲ್ಲಿ ಜೆ.ಎಸ್. ಪಟೇಲ್ ಅವರು 1930ರ ದಶಕದಲ್ಲಿ ಎತ್ತರದ ತಳಿಯನ್ನೂ ಗಿಡ್ಡ ತಳಿಯನ್ನೂ ಕೂಡಿಸಿ, ಹುಟ್ಟಿದ ಸಸಿಯ ಹುರುಪನ್ನು ಲೋಕಕ್ಕೆ ತೋರಿಸಿದರು. ಇವತ್ತಿಗೂ ಕ್ರಮ ಅದೇ. ಮರ ಹತ್ತಿದವರು ಹೊಂಬಾಳೆಯ ಗಂಡು ಹೂಗಳನ್ನೆಲ್ಲ ಅರಳುವ ಮುನ್ನವೇ ತೆಗೆದುಹಾಕಿ, ಅದಕ್ಕೊಂದು ಚೀಲ ಕಟ್ಟಿ, ಹೆಣ್ಣು ಹೂ ಬಿರಿದು ತೇವಗೊಂಡ ದಿನ ಆರಿಸಿ ತಂದ ಪರಾಗವನ್ನು ಊದುತ್ತಾರೆ. ದುಂಬಿ, ಗಾಳಿಗಳು ಮಾಡುವ ಕೆಲಸವನ್ನು ಅಷ್ಟೆತ್ತರದಲ್ಲಿ ಒಂದು ಕೈಯಲ್ಲಿ ಮರ ಹಿಡಿದು ಮಾಡುವ ಆ ಜನರ ಕುಶಲತೆಯೂ ಈ ಸೊಬಗಿನ ಒಂದು ಭಾಗ.

ಇನ್ನು ಎಳನೀರು. ಪರಾಗನಳಿಕೆ ಎರಡು ಗಂಡು ಕೋಶಗಳನ್ನು ಒಯ್ಯುತ್ತದೆ ಎಂದೆನಲ್ಲ? ಒಂದು ಅಂಡದ ಜೊತೆ ಕೂಡಿ ಭ್ರೂಣವಾಗುತ್ತದೆ. ಇನ್ನೊಂದು, ಅಂಡಕದೊಳಗಿನ ಮತ್ತೆರಡು ಕೋಶಕೇಂದ್ರಗಳ ಜೊತೆ ಬೆರೆತು, ಆ ಭ್ರೂಣಕ್ಕೆ ಬೇಕಾದ ಆಹಾರವಾಗುತ್ತದೆ. ಮಗುವೂ ಅದರ ಬುತ್ತಿಯೂ ಒಂದೇ ಗಳಿಗೆಯಲ್ಲಿ, ಅವಳಿಯಾಗಿ ಹುಟ್ಟುತ್ತವೆ. ರಷ್ಯಾದ ನವಾಷಿನ್ ಈ ಜೋಡಿ ಮಿಲನವನ್ನು ಕಂಡದ್ದು 1898ರಲ್ಲಿ, ಲಿಲ್ಲಿ ಜಾತಿಯ ಹೂಗಳಲ್ಲಿ. ನಾವುಣ್ಣುವ ಅನ್ನ, ರಾಗಿ, ಗೋಧಿ, ಜೋಳ, ಎಲ್ಲದರ ಹೆಚ್ಚಿನ ಪಾಲು ಈ ಬುತ್ತಿಯೇ. ಆದರೆ ಅದನ್ನು ದ್ರವರೂಪದಲ್ಲಿ, ಇಷ್ಟು ತಂಪಾಗಿ, ಇಷ್ಟು ಧಾರಾಳವಾಗಿ ಬಡಿಸುವುದು ತೆಂಗು ಮಾತ್ರ. ಅಲ್ಲಿ ಕೇಂದ್ರಗಳು ಒಂದೇ ಸಮನೆ ಇಬ್ಭಾಗವಾಗುತ್ತ ಹೋಗುತ್ತವೆ, ನಡುವೆ ಗೋಡೆ ಕಟ್ಟುವುದಿಲ್ಲ. ಅವು ತೇಲುವ ಆ ನೀರೇ ಎಳನೀರು. ಮುಂದೆ ಅವು ಮೆಲ್ಲಗೆ ಚಿಪ್ಪಿನ ಒಳಮೈಗೆ ಬಂದು ನೆಲೆಸಿ, ಗೋಡೆ ಕಟ್ಟಿಕೊಂಡು, ಮೊದಲು ತೆಳು ಗಂಜಿಯಾಗುತ್ತವೆ, ಆಮೇಲೆ ಗಟ್ಟಿ ಕೊಬ್ಬರಿ. ಕೊಚ್ಚಿಯ ಮರೀನ್ ಡ್ರೈವಿನ ಬಿಸಿಲಿನಲ್ಲಿ ಎಳನೀರು ಎತ್ತಿ ಕುಡಿಯುವಾಗ, ಚಮಚವಿಲ್ಲದೆ ಕಾಯಿಯ ಚೂರಿನಿಂದಲೇ ಆ ಗಂಜಿ ಕೆರೆದು ಬಾಯಿಗಿಡುವಾಗ, ನಾಲಗೆಯ ಮೇಲೆ ಇರುವುದು ಕಟ್ಟುತ್ತಿರುವ ಒಂದು ಜೀವದ ಊಟ. ಉಪ್ಪೋ ಸಿಹಿಯೋ ಹೇಳಲಾಗದ ಆ ರುಚಿಯನ್ನು ನಿಧಾನವಾಗಿ ಇಳಿಸಿ. ಅವಸರ ಬೇಡ.

ತೆಂಗಿನ ಈ ಸಿರಿತನದ ಎದುರು ಆರ್ಕಿಡ್ಡಿನ ಬಡತನವನ್ನು ಇಟ್ಟು ನೋಡಬೇಕು. ತಿರುವನಂತಪುರದ ಹೊರಗೆ, ಬೆಟ್ಟದ ಸೆರಗಿನ ಪಾಲೋಡಿನಲ್ಲಿ 1979ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಸಸ್ಯೋದ್ಯಾನ ಮತ್ತು ಸಂಶೋಧನಾ ಸಂಸ್ಥೆಯ ಆರ್ಕಿಡ್ ಸಂಗ್ರಹ ಹೆಸರಾದದ್ದು. ಅಷ್ಟು ಬೆಡಗಿನ ಹೂವುಗಳು, ಆದರೆ ಬೀಜ ಮಾತ್ರ ಧೂಳು; ಅದರಲ್ಲಿ ಬುತ್ತಿಯೇ ಇರುವುದಿಲ್ಲ. ಗಾಳಿಯಲ್ಲಿ ತೇಲಿಹೋದ ಬೀಜ ಯಾವುದೋ ತೊಗಟೆಯ ಬಿರುಕಿನಲ್ಲಿ ತಕ್ಕ ಶಿಲೀಂಧ್ರ ಸಿಕ್ಕರೆ ಮಾತ್ರ ಮೊಳೆಯುತ್ತದೆ. ಆರ್ಕಿಡ್ಡಿನ ಭ್ರೂಣ ಬೆಳೆಯುವ ಬಗೆಯನ್ನು ವರ್ಷಗಟ್ಟಲೆ ಅಭ್ಯಸಿಸಿದವರೂ ನಮ್ಮ ಸ್ವಾಮಿಯವರೇ. ಪ್ರಯೋಗಾಲಯದಲ್ಲಿ ಸಸ್ಯಭ್ರೂಣಗಳನ್ನು ಸಾಕಲು ಸಸ್ಯವಿಜ್ಞಾನಿ ವಾನ್ ಓವರ್‌ಬೀಕ್ 1941ರಲ್ಲಿ ಎಳನೀರನ್ನು ಬಳಸಿ ಗೆದ್ದ ಮೇಲೆ, ಆರ್ಕಿಡ್ ಬೆಳೆಸುವವರೂ ಗಾಜಿನ ಸೀಸೆಯ ಪಾಕಕ್ಕೆ ಎಳನೀರು ಸೇರಿಸತೊಡಗಿದರು. ತಾಯಿ ಕಟ್ಟಿಕೊಡದ ಬುತ್ತಿಯನ್ನು ತೆಂಗು ಕಟ್ಟಿಕೊಟ್ಟಿತು!

ಕೊಚ್ಚಿಯಲ್ಲಿ ಹೈಕೋರ್ಟಿನ ಬೆನ್ನಿಗೇ ಮಂಗಳವನ ಎಂಬ ಪುಟ್ಟ ಕಾಂಡ್ಲಾ ಕಾಡಿದೆ. ನೀರುಕಾಗೆ, ಬಕಗಳ ಗದ್ದಲದ ನಡುವೆ, ಪ್ರಾಂತನ್ ಕಂಡಲ್ ಎಂದು ಮಲಯಾಳಿಗಳು ಕರೆಯುವ ಕಾಂಡ್ಲಾ ಇಲ್ಲಿ ಉಪ್ಪು ಕೆಸರಿಗೆ ಕಾಲೂರಿಕೊಂಡಿದೆ. ದಪ್ಪನೆಯ ನಾಲ್ಕು ಪುಷ್ಪಪತ್ರಗಳ, ಕೆನೆಬಣ್ಣದ ಸಾದಾ ಹೂವು. ಕಂದು ಕಾಯಿಯೂ ಸಾದಾ. ಆದರೆ ಇದರ ಬೀಜ ಉದುರುವುದಿಲ್ಲ, ಮರದ ಮೇಲೆಯೇ ಮೊಳೆಯುತ್ತದೆ. ಕಾಯಿಯ ತುದಿಯಿಂದ ಹಸಿರು ಮೊಳಕೆ ಹೊರಬಂದು, ತಿಂಗಳುಗಟ್ಟಲೆ ತಾಯಿಯ ರಸವನ್ನೇ ಉಂಡು, ಮೊಳದುದ್ದ ಬೆಳೆದು ನೇತಾಡುತ್ತದೆ. ಬೆರಳಾಡಿಸಿ ನೋಡಿ: ನುಣ್ಣಗೆ, ಭಾರವಾಗಿ, ಮೇಲೆಲ್ಲ ಸಣ್ಣ ಸಣ್ಣ ಚುಕ್ಕೆಗಳಿದ್ದು, ಕೆಳತುದಿ ಚೂಪಾಗಿರುತ್ತದೆ. ಉಪ್ಪುನೀರಿನ, ಉಸಿರುಗಟ್ಟಿಸುವ ಕೆಸರಿನಲ್ಲಿ ಬರೀ ಬೀಜ ಬದುಕುವುದು ಕಷ್ಟ. ಅದಕ್ಕೇ ಇದು ಮಗುವನ್ನು ನಡೆಯುವಷ್ಟು ಬೆಳೆಸಿ ಕಳಿಸುತ್ತದೆ. ನೀರಿಳಿದಾಗ ಬಿದ್ದದ್ದು ಅಲ್ಲೇ ನಾಟಿಕೊಂಡೀತು; ನೀರೇರಿದಾಗ ಬಿದ್ದದ್ದು ತೇಲುತ್ತ ಹೋಗಿ, ಹಿನ್ನೀರಿನ ಯಾವುದೋ ದಡದಲ್ಲಿ ಬೇರು ಬಿಟ್ಟೀತು. ಕಾಂಡ್ಲಾ ನಂಬಿದ್ದು ಕಡಲ ಉಬ್ಬರವಿಳಿತವನ್ನು. ಹೂಬಿಡುವ ಸಸ್ಯಗಳಲ್ಲಿ ನಾನು ಕಂಡ ಅತಿ ಕಕ್ಕುಲಾತಿಯ ತಾಯ್ತನ ಇದು. ಮಂಗಳೂರು, ಕುಂದಾಪುರ, ಕುಮಟಾದ ಅಳಿವೆಗಳಲ್ಲೂ ಇದೇ ಬಳಗದ ಮರಗಳಿವೆ. ದೋಣಿ ಸಿಕ್ಕಾಗ ಹೋಗಿ ನೋಡಿ.

ಇಷ್ಟೆಲ್ಲ ಸವಿಯಲು ಬೇಕಾದದ್ದು ಸ್ವಲ್ಪ ತಾಳ್ಮೆ, ಒಂದು ಚಿಕ್ಕ ಮಸೂರ. ಪುಸ್ತಕದಂಗಡಿಯಲ್ಲೋ ಗಡಿಯಾರ ರಿಪೇರಿಯವರ ಹತ್ತಿರವೋ ಸಿಗುತ್ತದೆ. ದಾಸವಾಳದಿಂದ ಶುರು ಮಾಡಿ, ಅದು ಎಲ್ಲರ ಅಂಗಳದಲ್ಲೂ ಉಂಟು. ಹೂವಿನ ನಡುವಿಂದ ಚಾಚಿಕೊಂಡ ಕೆಂಪು ಕೊಳವೆಯ ಮೇಲೆ ಹಳದಿ ಪರಾಗಕೋಶಗಳು, ಆ ಕೊಳವೆಯ ಒಳಗಿಂದಲೇ ಹಾದು ಬಂದು ತುದಿಯಲ್ಲಿ ಐದಾಗಿ ಒಡೆದ ಶಲಾಕೆ, ಅದರ ಒಂದೊಂದು ತುದಿಯಲ್ಲೂ ಮಖಮಲ್ಲಿನ ಗುಂಡು. ಪೂಜೆಗೆ ಕೊಯ್ಯುವ ಮೊದಲು ಒಂದು ಗಳಿಗೆ ಅದನ್ನು ನೋಡಿ, ಮಕ್ಕಳಿಗೂ ತೋರಿಸಿ. ಆಮೇಲೆ ಧಾರಾಳವಾಗಿ ದೇವರಿಗೆ ಏರಿಸಿ.